ಎಸಿಯ ಬೂಷ್ಟು: ತೊಳೆದರೆ ಸಾಲದು, ಒಣಗಿಸಬೇಕು

ಕಾಗವಾಡ, ಶೇಡಬಾಳ, ಐನಾಪುರ, ಉಗಾರ ಖುರ್ದದಂಥ ಊರುಗಳಲ್ಲಿ ಎಸಿ ಈಗ ಸಾಹುಕಾರರ ಮನೆಯ ವಸ್ತುವಾಗಿ ಉಳಿದಿಲ್ಲ. ಕಬ್ಬಿನ ಬಿಲ್ಲು ಸರಿಯಾಗಿ ಕೈಸೇರಿದ ವರ್ಷ ಒಂದು ಮಲಗುವ ಕೋಣೆಗಾದರೂ ಅದನ್ನು ಕೂಡಿಸುವವರು ಹೆಚ್ಚಾಗಿದ್ದಾರೆ. ಏಪ್ರಿಲ್–ಮೇ ತಿಂಗಳಲ್ಲಿ ಪಾರಾ 40 ಡಿಗ್ರಿಯ ಆಸುಪಾಸು ಆಡುವ ಈ ಸೀಮೆಯಲ್ಲಿ, ವಯಸ್ಸಾದವರೂ ಹಸುಗೂಸುಗಳೂ ಇರುವ ಮನೆಗೆ ಅದನ್ನು ಶೋಕಿ ಎನ್ನುವಂತೆಯೂ ಇಲ್ಲ. ತಕರಾರು ಶುರುವಾಗುವುದು ಮರುವರ್ಷ. ಮಳೆಗಾಲ, ಚಳಿಗಾಲ ಕಳೆದು ಯುಗಾದಿಯ ಹೊತ್ತಿಗೆ ರಿಮೋಟ್ ಒತ್ತಿದರೆ ಮೊದಲ ಐದು ನಿಮಿಷ ಮುಗ್ಗಲು ನಾತ ಬಡಿಯುತ್ತದೆ. ಮಕ್ಕಳು ಸಾಲಾಗಿ ಸೀನುತ್ತಾರೆ. ಕೆಲವು ಮನೆಗಳಲ್ಲಿ ಗಾಳಿಯ ಜತೆ ಕಪ್ಪು ಚೂರುಗಳೂ ಹಾಸಿಗೆಯ ಮೇಲೆ ಉದುರುತ್ತವೆ.

ಆಗ ಸಿಗುವ ಸಲಹೆಗಳು ಸಾಮಾನ್ಯವಾಗಿ ಎರಡು: ‘ಗ್ಯಾಸ್ ಕಮ್ಮಿ ಆಗೇತಿ, ತುಂಬಿಸಬೇಕು’ ಎಂಬುದು ಒಂದು, ಸುವಾಸನೆಯ ಸ್ಪ್ರೇ ಹೊಡೆಯಿರಿ ಎಂಬುದು ಇನ್ನೊಂದು. ಗ್ಯಾಸ್ ಹರಿಯುವುದು ಮುಚ್ಚಿದ ಕೊಳವೆಯೊಳಗೆ. ಅದು ಕಡಿಮೆಯಾದರೆ ತಂಪು ಕಡಿಮೆಯಾಗುತ್ತದೆ, ಕಾಯಿಲ್ ಮೇಲೆ ಮಂಜು ಕಟ್ಟಬಹುದು. ಮುಗ್ಗಲು ವಾಸನೆಗೂ ಅದಕ್ಕೂ ಸಂಬಂಧವಿಲ್ಲ. ಸ್ಪ್ರೇ ವಾಸನೆಯನ್ನು ಅರ್ಧ ದಿನ ಮುಚ್ಚಿಡುತ್ತದೆ, ಅಷ್ಟೆ. ನಾತದ ಮೂಲ ಬೂಷ್ಟು. ಬೂಷ್ಟಿನ ಮೂಲ ನೀರು. ಎಸಿಯೊಳಗಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವಾಗ ಒಣಗುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಈ ಕಾಟವನ್ನು ಬಹುಮಟ್ಟಿಗೆ ತಡೆಯಬಹುದು.

ನೀರು ಹಿಂಡುವ ಯಂತ್ರ

ಎಸಿ ಹುಟ್ಟಿದ್ದೇ ಗಾಳಿಯ ತೇವ ತೆಗೆಯಲು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಇದಕ್ಕೆ ಪರಿಹಾರವಾಗಿ, ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವ ಇಳಿಸುವ ವ್ಯವಸ್ಥೆಯ ನಕ್ಷೆ ಮಾಡಿದರು. ಮನುಷ್ಯರಿಗೆ ತಂಪು ಕೊಡುವ ಕೆಲಸ ಆ ಯಂತ್ರಕ್ಕೆ ಆಮೇಲೆ ಅಂಟಿಕೊಂಡಿತು.

ಇಂದಿನ ಸ್ಪ್ಲಿಟ್ ಎಸಿಯಲ್ಲೂ ನಡೆಯುವುದು ಅದೇ. ಗೋಡೆಯ ಮೇಲಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಮೊದಲು ಜಾಳಿಗೆಯ ಫಿಲ್ಟರ್ ಕಾಣುತ್ತದೆ. ಅದರ ಹಿಂದೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಕಾಯಿಲ್. ಕಾಯಿಲ್‌ನ ಕೆಳಗೆ ನೀರು ಹಿಡಿಯುವ ತಟ್ಟೆ, ತಟ್ಟೆಯಿಂದ ಹೊರಗೆ ಹೋಗುವ ಡ್ರೇನ್ ಪೈಪ್. ಎಲ್ಲಕ್ಕಿಂತ ಒಳಗೆ, ಗಾಳಿಯನ್ನು ಹೊರದೂಡುವ ಉದ್ದನೆಯ ಉರುಳೆಯಂಥ ಬ್ಲೋವರ್. ಕೋಣೆಯ ಗಾಳಿ ಕಾಯಿಲ್‌ಗೆ ತಾಗಿದಾಗ, ಕಾಯಿಲ್ ಆ ಗಾಳಿಯ ಇಬ್ಬನಿ ಬಿಂದುವಿಗಿಂತ, ಎಂದರೆ ತೇವ ಹನಿಗಟ್ಟುವ ಉಷ್ಣತೆಗಿಂತ, ತಣ್ಣಗಿದ್ದರೆ ನೀರು ಇಳಿಯುತ್ತದೆ.

ಎಷ್ಟು ನೀರು? ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯ ಲೆಕ್ಕ ಹಾಕೋಣ. ಜುಲೈನ ಒಂದು ರಾತ್ರಿ ಉಷ್ಣತೆ 28 ಡಿಗ್ರಿ, ಆರ್ದ್ರತೆ ಶೇ 70 ಇದ್ದರೆ ಆ ಕೋಣೆಯ ಗಾಳಿಯಲ್ಲೇ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ತೇಲುತ್ತಿರುತ್ತದೆ. ಅದನ್ನು ಹಿಂಡಿದಷ್ಟೂ ಬಾಗಿಲ ಸಂದಿಯಿಂದ, ಕಿಟಕಿಯಿಂದ, ಮಲಗಿದವರ ಉಸಿರಿನಿಂದ ಹೊಸ ತೇವ ಬರುತ್ತಲೇ ಇರುತ್ತದೆ. ಹೀಗಾಗಿ ಮಳೆಗಾಲದ ಒಂದು ರಾತ್ರಿಯಲ್ಲಿ ಎಸಿ ಹಲವು ಲೀಟರ್ ನೀರು ಇಳಿಸುವುದು ಸಹಜ.

ಅದರಲ್ಲಿ ಬಹುಪಾಲು ಪೈಪಿನಿಂದ ಹೊರಗೆ ಹೋಗುತ್ತದೆ. ಉಳಿದದ್ದೇ ತೊಂದರೆಯ ಬೀಜ. ರೆಕ್ಕೆಗಳ ನಡುವಿನ ಸಂದಿ ಒಂದೂವರೆ ಮಿಲಿಮೀಟರಿನ ಆಸುಪಾಸು. ಅಲ್ಲಿ ಹನಿಗಳು ಅಂಟಿಕೊಂಡೇ ಇರುತ್ತವೆ. ಯಂತ್ರ ಓಡುವಾಗ ಕಾಯಿಲ್ ತಣ್ಣಗಿರುವುದರಿಂದ ಅಲ್ಲಿ ಬೂಷ್ಟಿನ ಬೆಳವಣಿಗೆ ನಿಧಾನ. ನಾವು ರಿಮೋಟ್ ಒತ್ತಿ ಆರಿಸಿದ ಮೇಲೆ ಕಾಯಿಲ್ ಮೆಲ್ಲಗೆ ಕೋಣೆಯ ಉಷ್ಣತೆಗೆ ಬರುತ್ತದೆ. ಪೆಟ್ಟಿಗೆಯೊಳಗೆ ಕತ್ತಲು, ನಿಂತ ಗಾಳಿ, ನೂರಕ್ಕೆ ನೂರರ ಹತ್ತಿರದ ಆರ್ದ್ರತೆ. ಬೂಷ್ಟಿಗೆ ಬೇಕಾದ ಎಲ್ಲ ಸೌಕರ್ಯ ಒದಗುವುದು ಎಸಿ ಓಡುವಾಗಲ್ಲ, ಒದ್ದೆಯಾಗಿ ನಿಂತಾಗ.

ನಮ್ಮ ಸೀಮೆಯ ಲೆಕ್ಕ ಬೇರೆ

ಬೂಷ್ಟು ಕರಾವಳಿಯವರ ಪಾಡು, ಬಯಲುಸೀಮೆಗೆ ಅದರ ಚಿಂತೆಯಿಲ್ಲ ಎಂಬ ನಂಬಿಕೆ ಇದೆ. ಬೇಸಿಗೆಗೆ ಅದು ನಿಜ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದು ಆರ್ದ್ರತೆ ಶೇ 20ರಷ್ಟಿದ್ದರೆ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಕಾಯಿಲ್ ಅದಕ್ಕಿಂತ ತುಸು ಮಾತ್ರ ತಣ್ಣಗಿರುವುದರಿಂದ ನೀರು ತೊಟ್ಟಿಕ್ಕುವುದೇ ಅಪರೂಪ. ಅದೇ ಜುಲೈನಲ್ಲಿ 28 ಡಿಗ್ರಿ, ಶೇ 70 ಇದ್ದರೆ ಇಬ್ಬನಿ ಬಿಂದು 22 ಡಿಗ್ರಿಗೆ ಏರುತ್ತದೆ. ಕಾಯಿಲ್ ಪೂರ್ತಿ ತೊಯ್ಯುತ್ತದೆ. ಕಾಗವಾಡ, ಅಥಣಿ, ರಾಯಬಾಗ ಮಳೆ ನೆರಳಿನ ತಾಲ್ಲೂಕುಗಳೇ ಸರಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯದಿದ್ದರೂ ಮೋಡ ಕವಿದ, ತೇವದ ಗಾಳಿ ಬೀಸುತ್ತದೆ. ಸುತ್ತ ಕೃಷ್ಣೆ, ದೂಧಗಂಗೆ, ನೀರುಂಡ ಕಪ್ಪು ಎರೆಮಣ್ಣು, ಕಬ್ಬಿನ ಗದ್ದೆ.

ಈ ತಿಂಗಳುಗಳಲ್ಲಿ ನಾವು ಎಸಿ ಬಳಸುವ ರೀತಿಯೂ ಬೂಷ್ಟಿಗೆ ಅನುಕೂಲವಾಗಿದೆ. ರಾತ್ರಿ ಒಂದೆರಡು ತಾಸು ಹಾಕಿ, ಟೈಮರ್ ಇಟ್ಟು ಮಲಗುತ್ತೇವೆ. ಯಂತ್ರ ಒದ್ದೆಯಾಗಿಯೇ ನಿಲ್ಲುತ್ತದೆ. ಕರೆಂಟ್ ಹೋದರೂ ಅಷ್ಟೆ. ಜತೆಗೆ ಒಂದು ಸಣ್ಣ ರೂಢಿಯನ್ನು ಗಮನಿಸಬೇಕು. ಓಲ್ಟೇಜ್ ಏರಿಳಿತದ ಭಯಕ್ಕೆ ಪ್ರತಿ ಎಸಿಗೂ ಸ್ಟೆಬಿಲೈಸರ್ ಇರುತ್ತದೆ. ರಿಮೋಟ್‌ನಿಂದ ಆರಿಸಿದ ಕೂಡಲೇ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಶಿಸ್ತಿನ ಮನೆಗಳ ಪದ್ಧತಿ. ಈಚಿನ ಅನೇಕ ಎಸಿಗಳಲ್ಲಿ ಆರಿಸಿದ ಮೇಲೂ ಬ್ಲೋವರ್ ಕೆಲ ನಿಮಿಷ ತಾನೇ ತಿರುಗಿ ಒಳಭಾಗವನ್ನು ಒಣಗಿಸುವ ಸೌಲಭ್ಯ ಇದೆ. ‘ಆಟೋ ಕ್ಲೀನ್’, ‘ಸೆಲ್ಫ್ ಕ್ಲೀನ್’ ಎಂದು ಅದರ ಹೆಸರು. ಅದು ಕೆಲಸ ಶುರು ಮಾಡುವಷ್ಟರಲ್ಲಿ ನಾವು ಮೇನ್ ಸ್ವಿಚ್ ಆರಿಸಿರುತ್ತೇವೆ. ದುಡ್ಡು ಕೊಟ್ಟು ತಂದ ಸೌಲಭ್ಯ ಒಂದು ದಿನವೂ ಕೆಲಸ ಮಾಡುವುದಿಲ್ಲ.

ನೀರಿನ ಜತೆ ಆಹಾರವೂ ಬೇಕಲ್ಲ? ಅದು ದೂಳು. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎಬ್ಬಿಸುವ ಮಣ್ಣು, ರವದಿ ಸುಟ್ಟ ಕರಿ, ಬಟ್ಟೆಯ ನೂಲು, ಚರ್ಮದ ಹೊಟ್ಟು, ಒಗ್ಗರಣೆಯ ಎಣ್ಣೆಯ ಹಬೆ ಎಲ್ಲವೂ ಫಿಲ್ಟರ್ ದಾಟಿ ಬ್ಲೋವರ್‌ನ ಎಸಳುಗಳ ಮೇಲೆ ಜಿಡ್ಡಿನ ಪದರವಾಗಿ ಕೂರುತ್ತವೆ. ಬೂಷ್ಟಿನ ಬೀಜಾಣುಗಳಂತೂ ಹೊರಗಿನ ಗಾಳಿಯಲ್ಲಿ ಸದಾ ಇರುವಂಥವು. ಅವನ್ನು ಇಲ್ಲವಾಗಿಸಲು ಯಾವ ಔಷಧಿಗೂ ಸಾಧ್ಯವಿಲ್ಲ, ದೂಳನ್ನು ಪೂರ್ತಿ ತಡೆಯಲೂ ಆಗದು. ನಮ್ಮ ಕೈಯಲ್ಲಿರುವುದು ನೀರೊಂದೇ. ಅರಿಶಿನ ಕುದಿಸಿ ಕಣದಲ್ಲಿ ಹರವುವ ರೈತನಿಗೆ ಈ ಮಾತು ಹೊಸದಲ್ಲ: ಬೂಷ್ಟು ಬಂದ ಮೇಲೆ ಒರೆಸುವುದಕ್ಕಿಂತ, ಬರುವ ಮುನ್ನ ಒಣಗಿಸುವುದರ ಮೇಲೆ ಅವನ ಗಮನ.

ಎಷ್ಟು ಹೆದರಬೇಕು?

ಭಯವೂ ಬೇಡ, ಉಡಾಫೆಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕಿನ ಸಾಧ್ಯತೆ ಹೆಚ್ಚು ಎಂಬುದು ಅದರ ಸಾರ. ಬೀಜಾಣುಗಳ ಸಂಖ್ಯೆ ಇಷ್ಟರೊಳಗಿದ್ದರೆ ಸುರಕ್ಷಿತ ಎಂಬ ಮಿತಿಯನ್ನು ಅದು ಹೇಳಲಿಲ್ಲ. ತೇವವನ್ನೇ ತಡೆಯಿರಿ ಎಂದಿತು. ಆರೋಗ್ಯವಂತರಿಗೆ ಎಸಿಯ ಬೂಷ್ಟಿನಿಂದ ಆಗುವುದು ಹೆಚ್ಚಾಗಿ ಸೀನು, ಮೂಗು ಕಟ್ಟುವುದು, ಗಂಟಲು ಕೆರೆತ. ಉಬ್ಬಸ ಇರುವವರಿಗೆ ಅದು ರಾತ್ರಿಯ ಉಸಿರಾಟವನ್ನೇ ಕೆಡಿಸಬಲ್ಲದು.

ಅಪರೂಪದ, ಆದರೆ ಗಂಭೀರವಾದ ಇನ್ನೊಂದು ಕಾಯಿಲೆ ಇದೆ. ಕಬ್ಬಿನ ನಾಡಿನವರು ಅದನ್ನು ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಕಬ್ಬು ಅರೆದ ಮೇಲೆ ಉಳಿಯುವ ಬಗಾಸ್ ತೇವದಲ್ಲಿ ರಾಶಿಬಿದ್ದು ಮುಗ್ಗಿದಾಗ ಅದರ ದೂಳಿನಲ್ಲಿ ಸೂಕ್ಷ್ಮಜೀವಿಗಳ ಬೀಜಾಣುಗಳು ತುಂಬಿಕೊಳ್ಳುತ್ತವೆ. ಅದನ್ನು ಮತ್ತೆಮತ್ತೆ ಉಸಿರಾಡಿದ ಕೆಲವರ ಶ್ವಾಸಕೋಶ ಅಲರ್ಜಿಯಿಂದ ಊದಿಕೊಳ್ಳುತ್ತದೆ. ಬಗಾಸೋಸಿಸ್ ಎಂಬ ಈ ಕಾಯಿಲೆ ನಮ್ಮ ದೇಶದ ಕಾನೂನಿನ ವೃತ್ತಿರೋಗಗಳ ಪಟ್ಟಿಯಲ್ಲೂ ಇದೆ. 1970ರಲ್ಲಿ ಅಮೆರಿಕದ ವೈದ್ಯರು ಇದೇ ಜಾತಿಯ ಶ್ವಾಸಕೋಶದ ಉರಿಯೂತವನ್ನು ಕಚೇರಿಯಲ್ಲಿ ಕೂತು ಕೆಲಸ ಮಾಡುವವರಲ್ಲಿ ಗುರುತಿಸಿದರು. ಅಲ್ಲಿ ಬಗಾಸ್ ಇರಲಿಲ್ಲ. ಸೂಕ್ಷ್ಮಜೀವಿಗಳು ನೆಲೆಸಿದ್ದು ಕಚೇರಿಯ ಏರ್ ಕಂಡೀಷನಿಂಗ್ ವ್ಯವಸ್ಥೆಯಲ್ಲಿ.

ಇದರ ಚಹರೆ ತಿಳಿದಿರಲಿ. ದೂಷಿತ ಗಾಳಿ ಸೇವಿಸಿದ ನಾಲ್ಕರಿಂದ ಎಂಟು ತಾಸುಗಳ ಮೇಲೆ ಜ್ವರ, ಚಳಿ, ಒಣಕೆಮ್ಮು, ಏದುಸಿರು ಬರುತ್ತವೆ. ಆ ಕೋಣೆ ಬಿಟ್ಟು ಒಂದೆರಡು ದಿನ ಬೇರೆಡೆ ಇದ್ದರೆ ಇಳಿಯುತ್ತವೆ. ಮರಳಿ ಬಂದರೆ ಮತ್ತೆ ಶುರು. ನೆಗಡಿಯೆಂದು ಗುಳಿಗೆ ನುಂಗುತ್ತ ಕೂರುವ ಬದಲು, ಚಿಕ್ಕೋಡಿಯಲ್ಲೋ ಮಿರಜಿನಲ್ಲೋ ವೈದ್ಯರ ಬಳಿಗೆ ಹೋದಾಗ ‘ಎಸಿ ಕೋಣೆಯಲ್ಲಿ ಮಲಗಿದಾಗ ಮಾತ್ರ ಹೀಗಾಗುತ್ತದೆ’ ಎಂಬ ಒಂದು ವಾಕ್ಯ ಹೇಳಿದರೆ ರೋಗ ಪತ್ತೆಯ ಅರ್ಧ ದಾರಿ ಸವೆದಂತೆ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಕೇಳಿಬಂದ ‘ಕಪ್ಪು ಶಿಲೀಂಧ್ರ’ದ ನೆನಪು ಮಾಸದಿರುವುದರಿಂದ ಎಸಿಯ ಕಪ್ಪು ಚುಕ್ಕೆ ಕಂಡು ದಿಗಿಲುಬೀಳುವವರಿದ್ದಾರೆ. ಆ ಕಾಯಿಲೆ ಮ್ಯೂಕರ್‌ಮೈಕೋಸಿಸ್; ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅತಿಯಾದ ಸ್ಟೀರಾಯ್ಡ್ ಬಳಕೆಯಿದ್ದವರನ್ನು ಅದು ಹೆಚ್ಚಾಗಿ ಬಾಧಿಸಿತು. ಎಸಿಯೊಳಗೆ ಸಾಮಾನ್ಯವಾಗಿ ಬೆಳೆಯುವವು ಕ್ಲಾಡೋಸ್ಪೋರಿಯಂ, ಆಸ್ಪರ್‌ಜಿಲಸ್, ಪೆನಿಸಿಲಿಯಂ ಗುಂಪಿನವು. ಬಣ್ಣ ನೋಡಿ ಜಾತಿ ಹೇಳಲಾಗದು, ಹೇಳಿ ಆಗಬೇಕಾದ್ದೂ ಇಲ್ಲ. ಯಾವ ಜಾತಿಯದಾದರೂ ಮಾಡಬೇಕಾದ ಕೆಲಸ ಒಂದೇ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿಯಾದವರು, ಕ್ಷಯದಿಂದ ಶ್ವಾಸಕೋಶ ಜಖಂಗೊಂಡವರು ಇರುವ ಮನೆಯಲ್ಲಿ ಮಾತ್ರ ಅದನ್ನು ನಾಳೆಗೆ ಮುಂದೂಡಬಾರದು.

ನೆರೆ ಇಳಿದ ಮನೆಗಳು

ಈ ಭಾಗದ ಬೂಷ್ಟಿನ ಮಾತು ನೆರೆಯನ್ನು ಬಿಟ್ಟು ಮುಗಿಯದು. 2005, 2019, 2021ರಲ್ಲಿ ಕೃಷ್ಣೆ ಉಕ್ಕಿದಾಗ ಜುಗೂಳ, ಮಂಗಾವತಿ, ಶಹಾಪುರದಂಥ ಊರುಗಳ ಮನೆಗಳಿಗೆ ನೀರು ನುಗ್ಗಿತ್ತು. ನೀರು ಇಳಿದು ಕೆಸರು ತೆಗೆದ ಮೇಲೂ ಗೋಡೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೇವ ಬಿಡುತ್ತಲೇ ಇರುತ್ತದೆ. ಒದ್ದೆಯಾದ ವಸ್ತು 24ರಿಂದ 48 ತಾಸಿನೊಳಗೆ ಒಣಗದಿದ್ದರೆ ಬೂಷ್ಟು ಬೇರೂರುತ್ತದೆಂಬುದು ಅಮೆರಿಕದ ಪರಿಸರ ಸಂಸ್ಥೆ ಹೇಳುವ ಲೆಕ್ಕ. 2005ರ ಕತ್ರೀನಾ ಚಂಡಮಾರುತದಲ್ಲಿ ಮುಳುಗಿದ ನ್ಯೂ ಆರ್ಲಿಯನ್ಸ್‌ನಲ್ಲಿ ನೀರು ವಾರಗಟ್ಟಲೆ ನಿಂತು, ಮಾಳಿಗೆಯವರೆಗೆ ಬೂಷ್ಟು ಹತ್ತಿದ ಮನೆಗಳಿದ್ದವು.

ನೆರೆ ಕಂಡ ಮನೆಯಲ್ಲಿ ಗೋಡೆಯ ಎತ್ತರದಲ್ಲಿದ್ದ ಎಸಿಗೆ ನೀರು ತಾಗದೇ ಇರಬಹುದು. ಹಾಗಂತ ಬಾಗಿಲು ಮುಚ್ಚಿ ಎಸಿ ಹಾಕಿ ಗೋಡೆ ಒಣಗಿಸುವ ಸಾಹಸ ಬೇಡ. ಗೋಡೆಯ ಮೇಲಿನ ಬೂಷ್ಟಿನ ಬೀಜಾಣುಗಳನ್ನೆಲ್ಲ ಎಳೆದು ತನ್ನ ಒದ್ದೆ ಕಾಯಿಲ್ ಮೇಲೆ ಕೂರಿಸಿಕೊಳ್ಳುವುದು ಎಸಿಯೇ. ಮೊದಲು ಕಿಟಕಿ ತೆರೆದು, ಫ್ಯಾನ್ ಹಾಕಿ ಮನೆ ಒಣಗಲಿ; ತೊಯ್ದ ಗಾದಿ, ಪ್ಲೈವುಡ್, ಫಾಲ್ಸ್ ಸೀಲಿಂಗ್ ಆಚೆ ಹೋಗಲಿ; ಗೋಡೆ ಕೆರೆದು ತೊಳೆಯುವ ಕೆಲಸ ಮುಗಿಯಲಿ. ಎಸಿಯ ಸರದಿ ಆಮೇಲೆ. ಹೊರಗಿನ ಘಟಕ ನೀರಿನಲ್ಲಿ ಮುಳುಗಿದ್ದರೆ ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಸ್ವಿಚ್ ಮುಟ್ಟಲೇಬಾರದು.

ನೋಡುವುದು, ತೊಳೆಯುವುದು

ಮೊದಲು ಮೇನ್ ಸ್ವಿಚ್ ಆರಿಸಿ. ಗಾಳಿ ಬರುವ ಪಟ್ಟಿಯನ್ನು ಮೆಲ್ಲಗೆ ಕೆಳಗೆ ಮಾಡಿ ಒಳಗೆ ಟಾರ್ಚ್ ಬಿಡಿ. ಉದ್ದನೆಯ ಉರುಳೆ ಕಾಣುತ್ತದೆ. ಅದರ ಎಸಳುಗಳ ಅಂಚಿನಲ್ಲಿ ಬೂದು ಬಣ್ಣದ ದೂಳಷ್ಟೇ ಇದ್ದರೆ ಸಾಧಾರಣ ಸರ್ವಿಸ್ ಸಾಕು. ಕಪ್ಪು, ಹಸಿರು ಚುಕ್ಕೆಗಳೋ ಜಿಡ್ಡಿನ ಪೊರೆಯೋ ಇದ್ದರೆ ಬೂಷ್ಟು ನೆಲೆಯೂರಿದೆ. ಸರ್ವಿಸ್ ಮುಗಿದ ಮೇಲೂ ಇದೇ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಸರ್ವಿಸ್ ಎಂದರೆ ಫಿಲ್ಟರ್ ಕೊಡವಿ ಕಾಯಿಲ್‌ನ ಮುಂಭಾಗಕ್ಕೆ ನೀರು ಹೊಡೆಯುವುದೇ ಎಂದುಕೊಂಡವರು ಬ್ಲೋವರನ್ನು ಹಾಗೇ ಬಿಟ್ಟಿರುತ್ತಾರೆ. ಕಾಯಿಲ್ ಥಳಥಳಿಸಿದರೂ ನಾತ ಹೋಗದಿರುವುದಕ್ಕೆ ಬಹುಸಲ ಅದೇ ಕಾರಣ.

ಫಿಲ್ಟರ್ ತೊಳೆಯಲು ಯಾರನ್ನೂ ಕರೆಯಬೇಕಿಲ್ಲ. ಬಳಕೆಯ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ದೂಳು ಕೂತ ಬದಿಯ ಹಿಂದಿನಿಂದ ನಳದ ನೀರು ಬಿಟ್ಟು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಕಾಯಿಲ್, ಬ್ಲೋವರ್, ತಟ್ಟೆಯ ಕೆಲಸ ಮಾತ್ರ ಕಸುಬುದಾರರದು. ಒಳಘಟಕಕ್ಕೆ ಚೀಲ ಕಟ್ಟಿ, ಕಾಯಿಲ್‌ಗೆಂದೇ ಇರುವ, ಆಸಿಡ್ ಇಲ್ಲದ ಮಾರ್ಜಕ ಬಳಸಿ, ಹದವಾದ ಒತ್ತಡದ ನೀರಿನಿಂದ ರೆಕ್ಕೆಗಳ ಉದ್ದಕ್ಕೆ ತೊಳೆಯಬೇಕು. ಅಡ್ಡಡ್ಡ ಉಜ್ಜಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಬ್ಲೋವರ್ ಮೇಲೆ ಪದರ ದಪ್ಪಗಿದ್ದರೆ ಬಿಚ್ಚಿಯೇ ತೊಳೆಯಬೇಕಾಗುತ್ತದೆ. ಆ ಹೊತ್ತು ಉಬ್ಬಸದವರು, ಮಕ್ಕಳು ಕೋಣೆಯಲ್ಲಿ ಬೇಡ. ತೊಳೆಯುವವರು ಎನ್‌–95 ಮಾಸ್ಕ್ ಹಾಕಲಿ. ಮುಗಿದ ಮೇಲೆ ಕಿಟಕಿ ತೆರೆದು ಒಂದು ತಾಸು ಫ್ಯಾನ್ ಮೋಡ್‌ನಲ್ಲಿ ಓಡಿಸಿ ಒಣಗಿಸಬೇಕು.

ಬ್ಲೀಚಿಂಗ್ ಪುಡಿಯ ನೀರು, ಶೌಚಾಲಯ ತೊಳೆಯುವ ಆಸಿಡ್ ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ. ಕೊನೆಗೆ ಕಾಯಿಲ್ ತೂತಾಗಿ ನಿಜಕ್ಕೂ ಗ್ಯಾಸ್ ಸೋರುತ್ತದೆ. ಎರಡನ್ನೂ ಒಟ್ಟಿಗೆ ಬಳಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಡ್ರೇನ್ ಪೈಪಿಗೆ ಉದ್ದಕ್ಕೂ ಇಳಿಜಾರು ಬೇಕು. ನಡುವೆ ಎಲ್ಲೂ ಹೊಟ್ಟೆ ಜೋತುಬೀಳಬಾರದು. ನೀರು ಹಿಡಿಯಲೆಂದು ಪೈಪಿನ ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿಡುವ ಮನೆಗಳಿವೆ. ತುದಿ ನೀರಿನಲ್ಲಿ ಮುಳುಗಿದರೆ ಹರಿವು ತಡೆದು ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಲೋಳೆ ಕಟ್ಟುತ್ತದೆ; ಒಂದು ದಿನ ಎಸಿ ಕೋಣೆಯೊಳಗೇ ಸುರಿಯುತ್ತದೆ. ತುದಿ ಬಕೆಟ್ಟಿನ ನೀರಿಗಿಂತ ಮೇಲಿರಲಿ. ಪೈಪುಗಳು ಗೋಡೆ ದಾಟುವ ತೂತನ್ನೂ ಭದ್ರವಾಗಿ ಮುಚ್ಚಿಸಬೇಕು. ಮಳೆಗಾಲದ ಗಾಳಿ ನೇರ ಒಳಬರುವ ದಾರಿ ಅದು.

ಆರಿಸುವ ಮುನ್ನ

ತೊಳೆದದ್ದು ಎಷ್ಟು ದಿನ ಉಳಿಯುತ್ತದೆಂಬುದು ದಿನದ ರೂಢಿಯ ಮೇಲಿದೆ. ಎಸಿಯನ್ನು ಆರಿಸುವ ಮುನ್ನ ಹದಿನೈದು–ಇಪ್ಪತ್ತು ನಿಮಿಷ ಫ್ಯಾನ್ ಮೋಡ್‌ಗೆ ಹಾಕಿ. ತುಸು ತೇವ ಕೋಣೆಗೆ ಮರಳಿದರೂ ಪೆಟ್ಟಿಗೆಯ ಒಳಗು ಒಣಗುತ್ತದೆ. ಆಟೋ ಕ್ಲೀನ್ ಇದ್ದರೆ ಅದನ್ನು ಚಾಲೂ ಇಟ್ಟು, ಅದು ಮುಗಿಯುವವರೆಗೆ ಸ್ಟೆಬಿಲೈಸರಿನ ಸ್ವಿಚ್ ಮುಟ್ಟಬೇಡಿ. ರಾತ್ರಿ ಟೈಮರ್ ಇಟ್ಟಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಫ್ಯಾನ್ ಮೋಡ್ ಓಡಿಸಿ. ಮಳೆಗಾಲದಲ್ಲಿ ತಂಪಿಗಿಂತ ತೇವವೇ ಕಾಡುತ್ತಿದ್ದರೆ ‘ಡ್ರೈ’ ಮೋಡ್ ಬಳಸಿ. ಕೂಲರ್ ಗಾಳಿಗೆ ನೀರು ಸೇರಿಸುವ ಸಾಧನವಾದ್ದರಿಂದ ಒಂದೇ ಕೋಣೆಯಲ್ಲಿ ಎರಡನ್ನೂ ಹಾಕಬೇಡಿ.

2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮ ಬಂದದ್ದು ವಿದ್ಯುತ್ ಉಳಿತಾಯಕ್ಕೆ. ಬೂಷ್ಟಿನ ದೃಷ್ಟಿಯಿಂದಲೂ ಅದು ಒಳ್ಳೆಯ ಅಂಕಿ. ಜುಲೈನಲ್ಲಿ ಹೊರಗಿನ ಇಬ್ಬನಿ ಬಿಂದು 22 ಇರುವಾಗ ಕೋಣೆಯನ್ನು 18ಕ್ಕೆ ಇಳಿಸಿದರೆ ಬಾಗಿಲು ತೆರೆದಾಗಲೆಲ್ಲ ಗೋಡೆ, ಕನ್ನಡಿ, ಕಪಾಟಿನ ಮೇಲೇ ಹನಿ ಕೂರುತ್ತದೆ. ಸಣ್ಣ ಕೋಣೆಗೆ ದೊಡ್ಡ ಟನ್ನಿನ ಎಸಿ ಹಾಕಿಸುವುದೂ ಇಂಥದ್ದೇ ದಂಡದ ಖರ್ಚು. ಅದು ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ. ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಆರ್ದ್ರತೆ ತೋರಿಸುವ ಪುಟ್ಟ ಮೀಟರ್ ಒಂದನ್ನು ಕೋಣೆಯಲ್ಲಿಟ್ಟರೆ ಊಹೆಯ ಅಗತ್ಯವಿರದು. ಅಂಕಿ 60ರ ಕೆಳಗಿರಬೇಕು.

ಮಾರುವವರ ಪಾಲೂ ಇದರಲ್ಲಿದೆ. ಎಸಿ ಕೂಡಿಸುವ ದಿನ ಡ್ರೇನ್ ಪೈಪಿಗೆ ಒಂದು ತಂಬಿಗೆ ನೀರು ಸುರಿದು ಹರಿವು ತೋರಿಸುವುದು, ಫಿಲ್ಟರ್ ಬಿಚ್ಚಿ ಹಾಕಲು ಮನೆಯವರಿಗೆ ಕಲಿಸುವುದು, ಒಣಗಿಸುವ ಬಟನ್ ಯಾವುದೆಂದು ಹೇಳುವುದು ಹತ್ತು ನಿಮಿಷದ ಕೆಲಸ. ಗಿರಾಕಿ ಅದನ್ನು ಕೇಳಿ ಪಡೆಯಬೇಕು. ಇನ್ನು ವರ್ಷದ ಸರ್ವಿಸನ್ನು ಬೇಸಿಗೆಯ ಮುನ್ನ ಮಾಡಿಸುವುದು ನಮ್ಮಲ್ಲಿ ರೂಢಿ. ಒಂದೇ ಸಲ ಮಾಡಿಸುವ ಶಕ್ತಿಯಿದ್ದರೆ ಅದನ್ನು ಮಳೆಗಾಲ ಮುಗಿದ ಕೂಡಲೇ, ದಸರೆ–ದೀಪಾವಳಿಯ ನಡುವೆ ಮಾಡಿಸುವುದು ಮೇಲು. ಆಗ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಿಟ್ಟ ಎಸಿಯೊಳಗೆ ಚಳಿಗಾಲದ ನಾಲ್ಕು ತಿಂಗಳು ಬೂಷ್ಟಿಗೆ ನೀರೇ ಸಿಗುವುದಿಲ್ಲ. ಬೇಸಿಗೆಗೆ ಮುಂಚೆ ಫಿಲ್ಟರ್ ಒಂದನ್ನು ತೊಳೆದುಕೊಂಡರೆ ಸಾಕು.